ಬೀಗ ಬಂದಿತ್ತು, ಹಾಕಿದವರಿಲ್ಲ

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರಿನ ಕಳವು ಸಾಹುಕಾರರ ಚಿಂತೆ, ನಮಗೇನು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಅದು ತಪ್ಪು. ಇಂದು ನಮ್ಮ ಸಂಬಳ ಬ್ಯಾಂಕಿನ ಖಾತೆಗೆ ಬರುತ್ತದೆ. ಪ್ರಾವಿಡೆಂಟ್ ಫಂಡಿನ ಲೆಕ್ಕ ಕಂಪ್ಯೂಟರಿನಲ್ಲಿದೆ. ಗಿರಾಕಿಯ ಹಣ ಮೊಬೈಲಿನ ಮೂಲಕ ಬರುತ್ತದೆ. ಕಳ್ಳ ಬಂದರೆ ನಮ್ಮ ಮನೆಗೂ ಬಂದಾನು.

2017ರ ಮೇ 12ರಂದು ನಡೆದುದನ್ನು ನೆನೆಯೋಣ. ‘ವನ್ನಾಕ್ರೈ’ ಎಂಬ ದುಷ್ಟ ಪ್ರೋಗ್ರಾಂ, ಯಾರೂ ಗುಂಡಿ ಒತ್ತದಿದ್ದರೂ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹಾರುತ್ತ, ಸುಮಾರು 150 ದೇಶಗಳಿಗೆ ಹರಡಿತು. ಹೊಕ್ಕಲ್ಲೆಲ್ಲ ಕಡತಗಳಿಗೆ ಬೀಗ ಜಡಿದು, ಕೀಲಿ ಬೇಕಾದರೆ 300 ಡಾಲರ್ ಕೊಡಿ ಎಂದಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು. ಕೆಲವೆಡೆ ತುರ್ತು ರೋಗಿಗಳು ದೂರದ ಆಸ್ಪತ್ರೆಗೆ ಹೋಗಬೇಕಾಯಿತು.

ಕಳ್ಳ ನುಗ್ಗಿದ ಕಿಂಡಿ ಯಾವುದು? ವಿಂಡೋಸಿನ ಒಂದು ದೋಷ. ಆ ಕಿಂಡಿಯಲ್ಲಿ ನುಗ್ಗುವ ಉಪಾಯ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಿಂದಲೇ ಕಳವಾಗಿತ್ತೆಂದು ಮೈಕ್ರೋಸಾಫ್ಟ್ ಕಂಪನಿ ಹೇಳಿತು. ಸರ್ಕಾರವೊಂದು ಗುಟ್ಟಾಗಿ ಕೂಡಿಟ್ಟ ಆಯುಧಕ್ಕೆ ಬೆಲೆ ತೆತ್ತವನು ಹಾಸಿಗೆ ಹಿಡಿದ ರೋಗಿ! ಅದಕ್ಕೂ ಎರಡು ತಿಂಗಳು ಮೊದಲು, ಮಾರ್ಚ್ 14ರಂದೇ, ದೋಷದ ರಿಪೇರಿ ಹೊರಬಂದಿತ್ತು. ಬೀಗ ಬಂದಿತ್ತು, ಹಾಕಿದವರಿಲ್ಲ. ಹಳೆಯ ವಿಂಡೋಸ್ ಎಕ್ಸ್‌ಪಿ ಬಳಸುವವರಿಗೆಲ್ಲ ಆ ಬೀಗ ಸಿಕ್ಕಿದ್ದಂತೂ ದಾಳಿಯಾದ ಮೇಲೆ.

ಇದರಿಂದ ನಾವು ಕಲಿಯಬೇಕಾದದ್ದು ಉಂಟು. ಮೊಬೈಲು, ಕಂಪ್ಯೂಟರು ‘ಅಪ್‌ಡೇಟ್’ ಕೇಳಿದಾಗ ನಾಳೆಗೆ ತಳ್ಳಕೂಡದು. ಅಂಗಡಿಯ ಲೆಕ್ಕದ ನಕಲನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ತಂತಿ ಬಿಚ್ಚಿ ಇಡಬೇಕು. ಒಂದಕ್ಕೆ ಬೀಗ ಬಿದ್ದರೂ ಇನ್ನೊಂದು ಉಳಿದೀತು. ಎಲ್ಲ ಖಾತೆಗೂ ಒಂದೇ ಪಾಸ್‌ವರ್ಡ್ ಬೇಡ.

ಬೀಗ ಗಟ್ಟಿಯಾದರೆ ಕಳ್ಳ ನಮ್ಮಿಂದಲೇ ಕೀಲಿ ಕೇಳುತ್ತಾನೆ. ಬ್ಯಾಂಕಿನವನೆಂದು ಹೇಳಿ ಓಟಿಪಿ ಕೇಳಿದರೆ ಕೊಡಬಾರದು. ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಅದು ಬೇಕಿಲ್ಲ. ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆಯ ವೇಷ ಹಾಕಿ ‘ಎಪಿಕೆ’ ಕಡತ ಬರುತ್ತದೆ. ಅದನ್ನು ತೆರೆದು ಹಾಕಿಕೊಂಡರೆ ಮೊಬೈಲು ಕಳ್ಳನ ಕೈಸೇರೀತು. ಮೋಸವಾದೊಡನೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ತಡಮಾಡಿದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಮೋಸ ಹೋದ ಸಂಗಾತಿಯನ್ನು ಕಂಡು ನಾವು ನಗಬಾರದು. ಅವನು ನಾಚಿ ಬಾಯಿ ಮುಚ್ಚಿದರೆ ಕಳ್ಳ ಪಕ್ಕದ ಮನೆಗೆ ನಡೆಯುತ್ತಾನೆ.

ಆದರೆ ನಮ್ಮೊಬ್ಬರ ಎಚ್ಚರ ಸಾಲದು. ಆಸ್ಪತ್ರೆಯ ಕಂಪ್ಯೂಟರಿಗೆ ರೋಗಿ ಬೀಗ ಹಾಕಬಲ್ಲನೇ? ನಮ್ಮ ಹೆಸರು, ಲೆಕ್ಕ, ಬೆರಳಚ್ಚು ಇಟ್ಟುಕೊಂಡಿರುವ ಗಿರಣಿ ಕಚೇರಿಯನ್ನೂ ಸಹಕಾರಿ ಬ್ಯಾಂಕನ್ನೂ ನಮ್ಮ ಸಂಘಗಳು ಕೇಳಲಿ: ರಿಪೇರಿ ಆಗಿದೆಯೇ? ನಕಲು ಉಂಟೇ? ಹೊಣೆ ಯಾರದು? ಉತ್ತರ ಬರುವ ತನಕ ಕೇಳುತ್ತಲೇ ಇರೋಣ.