ನಮ್ಮ ಊರಿಗೆ ಹೊಸತಾಗಿ ಬಂದವರಿಗೆ

(ಶಾಲಾ ಪುನರಾರಂಭದ ರಕ್ಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿ ವರ್ಷವೂ ಜೂನ್ ತಿಂಗಳ ಮೊದಲಲ್ಲಿ ನಾವು ಹೀಗೆ ಸೇರುವುದು ರೂಢಿ. ಕಳೆದ ವರ್ಷದ ಫಲಿತಾಂಶವನ್ನೂ ಈ ವರ್ಷದ ಕೊರತೆಗಳನ್ನೂ ತಮ್ಮ ಮುಂದಿಡುವುದು ನನ್ನ ಪಾಲಿನ ಕೆಲಸ. ಅವೆರಡನ್ನೂ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ನನಗಿಂತ ಚೆನ್ನಾಗಿ ಹೇಳಿರುವುದರಿಂದ, ಇಂದು ಬೇರೊಂದು ವಿಷಯವನ್ನು ಎತ್ತಿಕೊಳ್ಳಲು ಅಪ್ಪಣೆ ಬೇಡುತ್ತೇನೆ.

ಹಿಂದಿನ ಬೆಂಚುಗಳಲ್ಲಿ ಕುಳಿತವರಲ್ಲಿ ಹಲವು ಹೊಸ ಮುಖಗಳಿವೆ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಗಳಿಂದ ಕಲ್ಲು ಕಟ್ಟುವ, ರಸ್ತೆ ಮಾಡುವ ಕೆಲಸಕ್ಕೆ ಬಂದು ನೆಲಸಿದವರಿದ್ದೀರಿ. ವರ್ಗವಾಗಿ ಬಂದ ನೌಕರರೂ ಇಬ್ಬರು ಮೂವರು ಇದ್ದೀರಿ. ನನ್ನ ಮಾತು ಮುಖ್ಯವಾಗಿ ತಮಗೆ. ಆದರೆ ಮುಂದಿನ ಸಾಲಿನ ಹಳಬರೂ ಕಿವಿಗೊಡಬೇಕು. ಏಕೆಂದರೆ ನಾನು ಹೇಳಲಿರುವ ತಪ್ಪಿನಲ್ಲಿ ನಮ್ಮ ಪಾಲೇ ಹೆಚ್ಚಿನದು.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನು ನಮ್ಮ ಐದನೆಯ ತರಗತಿಗೆ ಸೇರಿದನು. ಹೆಸರನ್ನು ಹೇಳುವುದಿಲ್ಲ, ಅವನು ಈ ಸಭೆಯಲ್ಲಿಯೇ ಇದ್ದಾನೆ. ಲೆಕ್ಕದಲ್ಲಿ ಬಹಳ ಚುರುಕು. ಅಕ್ಟೋಬರ ತಿಂಗಳಲ್ಲಿ ತಂದೆ ಅವನನ್ನು ಕರೆದುಕೊಂಡು ಊರಿಗೆ ಹೋದರು. ದಸರೆಗೆ ಶಾಲೆಗಳಿಗೆ ದೀರ್ಘ ರಜೆಯೆಂದು ಅವರ ಎಣಿಕೆ. ಕರ್ನಾಟಕದ ಮಟ್ಟಿಗೆ ಅದು ಸರಿಯೇ. ಕೇರಳದಲ್ಲಿ ರಜೆಯ ದಿನಗಳು ಓಣಂ ಹಬ್ಬಕ್ಕೆ, ಕ್ರಿಸ್ಮಸ್ಸಿಗೆ, ಏಪ್ರಿಲ್–ಮೇ ತಿಂಗಳುಗಳಿಗೆ ಹಂಚಿಹೋಗಿವೆ. ದಸರೆಗೆ ಉಳಿಯುವುದು ಬೆರಳೆಣಿಕೆಯ ದಿನಗಳು ಮಾತ್ರ. ಊರಿನಲ್ಲಿ ಹಬ್ಬ ಮುಗಿಯಿತು, ಬಿಳಿಜೋಳದ ಬಿತ್ತನೆಯ ಕೆಲಸ ಬಂತು, ದೀಪಾವಳಿಯೂ ಕಳೆಯಿತು. ಅವರು ಮರಳಿದಾಗ ನವೆಂಬರ್ ಮುಗಿಯುತ್ತ ಬಂದಿತ್ತು. ಶಾಲೆ ಎಂದೋ ತೆರೆದಿದೆಯೆಂದು ತಿಳಿದೊಡನೆ ತಂದೆಗೆ ಭಯವಾಯಿತು. ಹೆಸರನ್ನು ಹೊಡೆದುಹಾಕಿರಬಹುದು, ದಂಡ ಕೇಳಬಹುದು, ಬೈಯಬಹುದು ಎಂದು ಅವರು ಇತ್ತ ಸುಳಿಯಲೇ ಇಲ್ಲ. ಜನವರಿಯಲ್ಲಿ ನಾನೇ ವಿಚಾರಿಸುತ್ತ ಹೋದಾಗ ಹುಡುಗ ತಗಡಿನ ಬಿಡಾರದಲ್ಲಿ ತಂಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದನು. ನನ್ನನ್ನು ನೋಡಿ ಒಳಗೆ ಓಡಿದನು.

ಮೂರು ತಿಂಗಳು ಹೋದುವು. ದೋಷ ಯಾರದು? ರಜೆಯ ವಿಷಯವನ್ನು ನಾನು ನೋಟೀಸಿನಲ್ಲಿ ಬರೆದು ಹಚ್ಚಿಸಿದ್ದೆನು. ‘ಸಮಸ್ತ ರಕ್ಷಕರ ಅವಗಾಹನೆಗೆ ತರಲಾಗುವುದೇನೆಂದರೆ’ ಎಂದು ಅದರ ಮೊದಲ ಸಾಲು. ಆ ತಂದೆ ನಾಲ್ಕನೆಯ ತರಗತಿಯವರೆಗೆ ಓದಿದವರು. ‘ಅವಗಾಹನೆ’ಯೆಂದರೇನೆಂದು ಅವರಿಗೆ ತಿಳಿಯಬೇಕೆಂದು ನಾನು ಹೇಗೆ ಬಯಸಿದೆನೋ! ಕನ್ನಡ ಬಲ್ಲವರಿಗೇ ಕನ್ನಡದಲ್ಲಿ ಹೇಳಿ ಮುಟ್ಟಿಸಲಾರದೆ ಹೋದೆನು. ಈ ಭಾಷಣದಲ್ಲಿಯೂ ನನ್ನ ಹಳೆಯ ಚಾಳಿ ಪೂರ್ತಿ ಬಿಟ್ಟಿಲ್ಲವೆಂಬುದನ್ನು ಬಲ್ಲೆ. ತಿಳಿಯದ ಕಡೆ ಕೈಯೆತ್ತಿ ಕೇಳಿ.

ಜಪಾನಿನವರು ಇಂಥದೇ ಪಾಠವನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿತರು. 1995ರ ಜನವರಿ 17ರಂದು ಕೋಬೆ ಪಟ್ಟಣದ ಪ್ರದೇಶದಲ್ಲಿ ಭಯಂಕರ ಭೂಕಂಪವಾಗಿ 6,000ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ನೆಲಸಿದ್ದ ಪರದೇಶದವರಿಗೆ ಎತ್ತ ಹೋಗಬೇಕು, ನೀರು ಎಲ್ಲಿ ಸಿಕ್ಕುತ್ತದೆ ಎಂಬ ಪ್ರಕಟಣೆಗಳು ಅರ್ಥವಾಗಲಿಲ್ಲ. ಆ ಬಳಿಕ ಅಲ್ಲಿನ ವಿದ್ವಾಂಸರು ‘ಸುಲಭ ಜಪಾನೀ’ ಎಂಬ ಬರವಣಿಗೆಯ ಕ್ರಮವನ್ನು ರೂಪಿಸಿದರು. ಅಲ್ಲಿನ ಸರಕಾರಿ ಭಾಷೆಯಲ್ಲಿ ಸುರಕ್ಷಿತ ಸ್ಥಳಕ್ಕೆ ತೆರಳುವುದಕ್ಕೆ ‘ಹಿನಾನ್’ ಎಂಬ ಗಂಭೀರ ಪದವಿದೆ. ಅದರ ಬದಲು ‘ಓಡಿ ಪಾರಾಗಿ’ ಎಂಬರ್ಥದ ಮನೆಮಾತನ್ನೇ ಬಳಸತೊಡಗಿದರು. ಈಗ ಅಲ್ಲಿನ ಅನೇಕ ನಗರಸಭೆಗಳು ಹೊಸಬರಿಗೆ ಕಸವನ್ನು ಹೇಗೆ ಬೇರ್ಪಡಿಸಬೇಕು, ವೈದ್ಯರಲ್ಲಿಗೆ ಹೇಗೆ ಹೋಗಬೇಕು, ನೆಲ ನಡುಗಿದರೆ ಏನು ಮಾಡಬೇಕು ಎಂಬುದನ್ನೆಲ್ಲ ಹಲವು ಭಾಷೆಗಳಲ್ಲಿ ಅಚ್ಚುಮಾಡಿ ಕೊಡುತ್ತವೆ. ನಮ್ಮಲ್ಲಿ ಅಂಥ ಪುಸ್ತಕವಿಲ್ಲದಿದ್ದರೆ ಚಿಂತೆಯಿಲ್ಲ, ಇಂದು ಬಾಯಿಂದಲೇ ಹೇಳುತ್ತೇನೆ.

ಮೊದಲು, ಕೇರಳದಲ್ಲಿ ಕನ್ನಡ ಶಾಲೆಯೇ ಎಂದು ಬೆರಗಾಗುವವರಿಗೆ ಒಂದು ಮಾತು. ಈ ನಾಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೇರಳ ರಾಜ್ಯಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ತುಳು, ಕನ್ನಡ, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲವೂ ಇಲ್ಲಿನ ಮನೆಗಳಲ್ಲಿ ಕೇಳಿಬರುವ ಮಾತುಗಳು. ತಮ್ಮ ಮಗು ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಬಹುದು, ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನೂ ಕನ್ನಡದಲ್ಲಿಯೇ ಬರೆಯಬಹುದು. ಹೊಸಬರೆಂಬ ಸಂಕೋಚ ಬೇಡ.

ಆದರೆ ಪೇಟೆಗೆ ಇಳಿದರೆ ಮಲೆಯಾಳ ಬೇಕು. ಇದನ್ನು ಹೇಳಿದಾಗ ನಮ್ಮವರೇ ಕೆಲವರು ಮುಖ ಸಿಂಡರಿಸುವುದುಂಟು. ಮಲೆಯಾಳ ಕಲಿತ ಮಾತ್ರಕ್ಕೆ ಕನ್ನಡ ಸವೆದುಹೋಗುವುದಾದರೆ, ಮಂಜೇಶ್ವರದ ಗೋವಿಂದ ಪೈಗಳು ಅಷ್ಟೊಂದು ಭಾಷೆಗಳನ್ನು ಕಲಿತು ರಾಷ್ಟ್ರಕವಿಗಳಾದುದು ಹೇಗೆ? ಬಸ್ಸಿನ ಹಲಗೆ ಮಲೆಯಾಳ ಲಿಪಿಯಲ್ಲಿರುತ್ತದೆ. ಅಕ್ಷರಮಾಲೆಯ ಕ್ರಮ ನಮ್ಮದರಂತೆಯೇ, ಆಕಾರ ಮಾತ್ರ ಬೇರೆ. ಮನಸ್ಸಿಟ್ಟರೆ ಒಂದು ತಿಂಗಳಲ್ಲಿ ಹಲಗೆ ಓದಬಹುದು. ದೊಡ್ಡ ತರಗತಿಯ ವಿದ್ಯಾರ್ಥಿಗಳಿಗೆ ಇನ್ನೊಂದು ಲಾಭವೂ ಇದೆ. ಹಳಗನ್ನಡದ ಪಾಠದಲ್ಲಿ ತಾವು ತಿಣುಕುವ ೞಕಾರವು ಅಲ್ಲಿ ಇಂದಿಗೂ ಬಾಳುತ್ತಿದೆ. ನಮ್ಮ ಮಳೆ ಅವರಿಗೆ ‘ಮೞ’, ನಮ್ಮ ಕೋಳಿ ಅವರಿಗೆ ‘ಕೋೞಿ’.

ಎರಡು ಭಾಷೆಗಳು ಹತ್ತಿರದ ಬಂಧುಗಳಾದುದರಿಂದಲೇ ಎಡವಟ್ಟೂ ಹೆಚ್ಚು. ಒಬ್ಬ ತಂದೆ ಮಗಳ ಪ್ರಮಾಣಪತ್ರಕ್ಕಾಗಿ ಕಚೇರಿಯೊಂದಕ್ಕೆ ಹೋದರು. ಅಧಿಕಾರಿಗಳು ಇದ್ದಾರೆಯೇ ಎಂದು ಕೇಳಿದಾಗ ಬಾಗಿಲಲ್ಲಿದ್ದವರು ‘ಇನ್ನಿಲ್ಲ’ ಎಂದರಂತೆ. ಇವರು ಮುಖ ಬಾಡಿಸಿಕೊಂಡು ನನ್ನಲ್ಲಿಗೆ ಬಂದು, ‘ಸಾರ್, ಸಾಹೇಬ್ರು ತೀರಿಕೊಂಡಾರಂತ್ರೀ’ ಎಂದರು. ನಾನೂ ಒಂದು ಕ್ಷಣ ಗಾಬರಿಯಾದೆನು. ಮಲೆಯಾಳದಲ್ಲಿ ‘ಇನ್ನ್’ ಎಂದರೆ ಇಂದು. ಇಂದು ಇಲ್ಲ, ನಾಳೆ ಬನ್ನಿ ಎಂದಷ್ಟೇ ಅವರು ಹೇಳಿದ್ದು! ಹಾಗೆಯೇ ‘ವೆಳ್ಳಂ’ ಎಂದರೆ ನೀರು. ಬೆಲ್ಲವೆಂದು ಕೈಚಾಚಿದ ಮಕ್ಕಳನ್ನು ನಾನು ಕಂಡಿದ್ದೇನೆ.

ಊರ ಹೆಸರುಗಳಲ್ಲಿಯೂ ಎಚ್ಚರ ಬೇಕು. ನಾವು ಹೊಸದುರ್ಗವೆನ್ನುವ ಪೇಟೆಗೆ ರೈಲು ನಿಲ್ದಾಣದಲ್ಲಿ ಕಾಞಂಗಾಡ್ ಎಂದು ಹೆಸರು. ಚಿತ್ರದುರ್ಗದ ಕಡೆಯ ಹೊಸದುರ್ಗವನ್ನು ಬಲ್ಲವರು ಎರಡನ್ನೂ ಬೆರೆಸಿಕೊಳ್ಳಬಾರದು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ವಾಸವಾಗಿರುವವರಿಗೆ 2014ರಿಂದ ಮಂಜೇಶ್ವರ ತಾಲೂಕು ಬೇರೆಯಾಗಿದೆ, ಕಚೇರಿ ಉಪ್ಪಳದಲ್ಲಿದೆ. ಇದನ್ನರಿಯದೆ ಕಾಸರಗೋಡಿಗೆ ಬಂದು ಒಂದು ದಿನದ ಕೂಲಿ ಕಳೆದುಕೊಂಡವರಿದ್ದಾರೆ.

ಕಚೇರಿಯ ವಿಷಯ ಬಂದುದರಿಂದ ಇದನ್ನೂ ಕೇಳಿ. ಕನ್ನಡ ಅಲ್ಪಸಂಖ್ಯಾತ ಪ್ರದೇಶವೆಂದು ಸರಕಾರ ಸಾರಿರುವ ಈ ನೆಲದಲ್ಲಿ ಅರ್ಜಿಯನ್ನು ಕನ್ನಡದಲ್ಲಿ ಬರೆದು ಕೊಡಲು ತಮಗೆ ಹಕ್ಕಿದೆ; 1969ರ ಕೇರಳ ಅಧಿಕೃತ ಭಾಷಾ ಕಾನೂನು ಅದನ್ನು ಕೊಟ್ಟಿದೆ. ‘ಕನ್ನಡದ ಫಾರಂ ಕೊಡಿ’ ಎಂದು ವಿನಯದಿಂದ, ಆದರೆ ಧೈರ್ಯವಾಗಿ ಕೇಳಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಕೊಟ್ಟ ಅರ್ಜಿಗೆ ರಸೀದಿ ಪಡೆಯಿರಿ. ರೇಷನ್ ಕಾರ್ಡನ್ನು ಊರಿನಲ್ಲಿಯೇ ಬಿಟ್ಟು ಬಂದವರು ಮರುಗಬೇಕಾಗಿಲ್ಲ. ಈಗ ಒಂದು ರಾಜ್ಯದ ಪಡಿತರವನ್ನು ಇನ್ನೊಂದು ರಾಜ್ಯದ ಅಂಗಡಿಯಲ್ಲಿ ಪಡೆಯುವ ಏರ್ಪಾಡು ಇದೆ. ಕಾರ್ಡಿನ ಸಂಖ್ಯೆಯೊಡನೆ ಸಮೀಪದ ರೇಷನ್ ಅಂಗಡಿಯಲ್ಲಿಯೋ ಅಕ್ಷಯ ಕೇಂದ್ರದಲ್ಲಿಯೋ ವಿಚಾರಿಸಬಹುದು.

ಮಗುವಿನ ಹೆಸರಿನ ಬಗೆಗೆ ನನ್ನದು ಸ್ವಲ್ಪ ಹಟವೆಂದೇ ತಿಳಿಯಿರಿ. ಇಂಗ್ಲಿಷಿನಲ್ಲಿ ಬರೆಯುವಾಗ ಸವಿತಾ, ಗೀತಾ ಎಂಬಲ್ಲಿನ ತಕಾರಕ್ಕೆ ಕೆಲವರು ‘ಟಿ’ ಒಂದನ್ನೇ ಬರೆಯುತ್ತಾರೆ, ಇಲ್ಲಿನವರು ‘ಟಿ’ಯ ಮುಂದೆ ‘ಎಚ್’ ಸೇರಿಸುತ್ತಾರೆ. ಆಧಾರ್ ಕಾರ್ಡಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ಮೂರನೆಯದು! ಆಮೇಲೆ ಒಂದು ‘ಎಚ್’ ಅಕ್ಷರಕ್ಕಾಗಿ ಅಲೆಯುವ ಮಕ್ಕಳನ್ನು ಪ್ರತಿ ವರ್ಷವೂ ನೋಡುತ್ತಿದ್ದೇನೆ. ಪ್ರವೇಶದ ದಿನವೇ ಮೂರನ್ನೂ ಹೋಲಿಸಿ ನೋಡಿ.

ಶುಕ್ರವಾರ ಮಧ್ಯಾಹ್ನದ ಬಿಡುವು ಮಿಕ್ಕ ದಿನಗಳಿಗಿಂತ ದೀರ್ಘವಾಗಿರುತ್ತದೆ. ಶಾಲೆ ಬಿಟ್ಟಿತೆಂದು ಮಗು ಮನೆಗೆ ಬಂದರೆ ಹಿಂದಕ್ಕೆ ಕಳುಹಿಸಿ. ಹರತಾಳದ ದಿನ ಬಸ್ಸಿಲ್ಲ. 7 ದಿನ ಮುಂಚಿತವಾಗಿ ತಿಳಿಸಬೇಕೆಂದು ಹೈಕೋರ್ಟು 2019ರಲ್ಲಿ ಆದೇಶಿಸಿದೆಯಾದರೂ, ದೂರ ಪ್ರಯಾಣಕ್ಕೆ ಹೊರಡುವ ಮುನ್ನಾದಿನ ನೆರೆಯವರಲ್ಲಿ ಒಂದು ಮಾತು ಕೇಳುವುದು ಲೇಸು.

ಇನ್ನು ಮಳೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬಾಗಲಕೋಟೆಯ ಕಡೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ. ಇಲ್ಲಿ 3,000ವನ್ನೂ ಮೀರುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ತಾವು ಕೆಲಸಮಾಡುವ ಕೆಂಪುಕಲ್ಲಿನ ಕೋರೆಗಳಲ್ಲಿ ಕಲ್ಲು ತೆಗೆದ ಹೊಂಡಗಳು ಬೇಸಿಗೆಯಲ್ಲಿ ಆಟದ ಬಯಲುಗಳಂತೆ ಕಾಣುತ್ತವೆ. ಮಕ್ಕಳು ಅಲ್ಲಿ ಚೆಂಡಾಡಿ ರೂಢಿಯಾಗಿರುತ್ತಾರೆ. ಜುಲೈಯಲ್ಲಿ ಅದೇ ಹೊಂಡ ತುಂಬಿ ನಿಂತಿರುತ್ತದೆ. ಗೋಡೆ ನೆಟ್ಟಗೆ ಕಡಿದದ್ದು, ಮೆಟ್ಟಲಿಲ್ಲ, ಹಿಡಿಯಲು ಬೇರಿಲ್ಲ. ಈಜು ಬಲ್ಲವನಿಗೂ ಮೇಲೆ ಬರುವುದು ಕಷ್ಟ. ನೀರು ಕೆಂಪಾಗಿರುವುದರಿಂದ ಆಳವೂ ತಿಳಿಯದು. ತಾಯಂದಿರೇ, ಮಿಕ್ಕ ಎಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬೇಡಿ: ಮಳೆ ಹಿಡಿದ ದಿನದಿಂದ ಮಕ್ಕಳನ್ನು ಕೋರೆಯ ಬಳಿಗೆ ಬಿಡಬೇಡಿ.

ಗುಡ್ಡದ ಮೈಯಲ್ಲಿ ಆಳೆತ್ತರದ ಬಿಲದಂತೆ ಕಾಣುವುದು ನಮ್ಮ ಹಿರಿಯರು ನೀರಿಗಾಗಿ ಅಡ್ಡಲಾಗಿ ತೋಡಿದ ಸುರಂಗ. ಅದರಿಂದ ಒಸರುವ ನೀರನ್ನು ಕುಡಿದು ಎಷ್ಟೋ ಮನೆಗಳು ಬಾಳಿವೆ. ಹೊರಗಿನಿಂದ ನೋಡಿ ಸಂತೋಷಪಡಬೇಕು, ಒಳಗೆ ಹೋಗಬಾರದು. ಮಣ್ಣು ಕುಸಿಯಬಹುದು, ಒಳಗೆ ಉಸಿರಿಗೆ ಗಾಳಿ ಸಾಲದಿರಬಹುದು.

ಬಿರುಮಳೆಯ ದಿನ ಶಾಲೆಗೆ ರಜೆ ಸಾರುವುದು ಜಿಲ್ಲಾಧಿಕಾರಿಗಳು. ಮಂಗಳೂರಿನ ಸುದ್ದಿಯಲ್ಲಿ ರಜೆಯೆಂದು ಕೇಳಿ ಇಲ್ಲಿ ಮಗುವನ್ನು ಮನೆಯಲ್ಲಿ ಉಳಿಸಿಕೊಂಡವರಿದ್ದಾರೆ; ಅದಕ್ಕಿಂತಲೂ ಕೆಡುಕು, ಇಲ್ಲಿ ರಜೆಯೆಂದು ತಿಳಿಯದೆ ಹೊಳೆದಾಟಿ ಬಂದ ಮಕ್ಕಳಿದ್ದಾರೆ. ಕಾಸರಗೋಡು ಜಿಲ್ಲೆಯ ಪ್ರಕಟಣೆಯನ್ನೇ ಕೇಳಿ. ಅಪಾಯವಾದರೆ 112 ಅಥವಾ 1077ಕ್ಕೆ ಕರೆಮಾಡಿ.

ಆಸ್ಪತ್ರೆಗೆ ಮಂಗಳೂರನ್ನು ನಂಬಿರುವುದು ನಮ್ಮೆಲ್ಲರ ಅಭ್ಯಾಸ. 2020ರ ಮಾರ್ಚಿನಲ್ಲಿ ಕೊರೋನಾ ಕಾಲಕ್ಕೆ ತಲಪಾಡಿಯ ಗಡಿಯನ್ನು ಮುಚ್ಚಿದಾಗ, ಒಳದಾರಿಗಳ ಮೇಲೆ ಮಣ್ಣು ಸುರಿದಾಗ, ಅತ್ತ ಹೋಗಲಾಗದೆ ಜೀವ ಕಳೆದುಕೊಂಡವರು ನಮ್ಮಲ್ಲಿದ್ದಾರೆ. ಆದುದರಿಂದ ಸಮೀಪದ ಆರೋಗ್ಯ ಕೇಂದ್ರ ಎಲ್ಲಿದೆ, ಕಾಸರಗೋಡಿನ ಜನರಲ್ ಆಸ್ಪತ್ರೆಗೆ ಯಾವ ಬಸ್ಸು ಎಂಬುದನ್ನು ಆರೋಗ್ಯವಾಗಿರುವಾಗಲೇ ತಿಳಿದಿಟ್ಟುಕೊಳ್ಳಿ.

ಈಗ ಹಳಬರಾದ ನಮಗೆ. ಹೊಸ ಮಕ್ಕಳ ಮಾತಿನ ಧಾಟಿಯನ್ನು ಅಣಕಿಸಿ ನಗುವುದನ್ನು ಆಟದ ಬಯಲಿನಲ್ಲಿ ಕೇಳಿದ್ದೇನೆ. ಅವರ ಮನೆಯಲ್ಲಿ ಆಡುವುದು ಕನ್ನಡ. ನಮ್ಮಲ್ಲಿ ಬಹುಮಂದಿಯ ಮನೆಮಾತು ತುಳುವೋ ಮಲೆಯಾಳವೋ ಕೊಂಕಣಿಯೋ ಆಗಿದ್ದು, ಕನ್ನಡವನ್ನು ಶಾಲೆಗೆ ಬಂದು ಕಲಿತವರು. ನಗಬೇಕಾದವರು ಯಾರು, ಹೇಳಿ! ಈ ವರ್ಷದಿಂದ ಪ್ರತಿಯೊಂದು ಹೊಸ ಮಗುವಿಗೂ ಅದೇ ದಾರಿಯಲ್ಲಿ ಹೋಗುವ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಜೊತೆಗಾರನನ್ನಾಗಿ ಗೊತ್ತುಮಾಡಿದ್ದೇವೆ. ಎರಡು ದಿನ ಮಗು ಬಾರದಿದ್ದರೆ ಜೊತೆಗಾರನು ಮನೆಗೆ ಹೋಗಿ ವಿಚಾರಿಸಿ ನನಗೆ ತಿಳಿಸಬೇಕು. ರಜೆ, ಪರೀಕ್ಷೆ, ಸಭೆಗಳ ವಿಷಯವನ್ನು ಮನೆಯವರಿಗೆ ಬಾಯಿಮಾತಿನಲ್ಲಿ ಹೇಳಿ ಬರಬೇಕು. ಆ ಪಟ್ಟಿಯ ಮೊದಲ ಹೆಸರು ನಾನು ಆಗ ಹೇಳಿದ ಹುಡುಗನದು. ಅವನೀಗ ಹತ್ತನೆಯ ತರಗತಿಯಲ್ಲಿದ್ದಾನೆ. ಕೇಳದೆಯೇ ಬಂದು ಹೆಸರು ಬರೆಸಿಕೊಂಡನು.

ಈ ವರ್ಷದ ರಜೆಗಳನ್ನು ಕಚೇರಿಯ ಗೋಡೆಗೆ ಹಚ್ಚಿಸಿದ್ದೇನೆ. ‘ಅವಗಾಹನೆ’ಯನ್ನು ತೆಗೆದುಹಾಕಿದ್ದೇನೆ. ‘ಈ ದಿನ ಶಾಲೆ ಇಲ್ಲ, ಈ ದಿನ ಇದೆ’ ಎಂದಷ್ಟೇ ಬರೆದಿದೆ. ಓದಲು ಬಾರದವರು ಸಂಜೆ ಕೆಲಸ ಬಿಟ್ಟ ಬಳಿಕ ಬನ್ನಿ, ನಾನು ಆರು ಗಂಟೆಯವರೆಗೆ ಇರುತ್ತೇನೆ, ಓದಿ ಹೇಳುತ್ತೇನೆ.