ತೂತು ಯಾವ ಕಡೆಗಿದೆ?

ನಿನ್ನೆ ಸಂಜೆಯಷ್ಟೇ ಪಂಕ್ಚರ್ ಹಾಕಿಸಿದ ಸೈಕಲ್. ಬೆಳಿಗ್ಗೆ ಶಾಲೆಗೆ ಹೊರಡುವಾಗ ನೋಡಿದರೆ ಹಿಂದಿನ ಚಕ್ರ ಮತ್ತೆ ಚಪ್ಪಟೆ! ಅಂಗಡಿಯವರು ಸರಿಯಾಗಿ ಅಂಟಿಸಿಲ್ಲ ಎಂದು ಗೊಣಗುವ ಮೊದಲು ಟ್ಯೂಬನ್ನು ಹೊರಗೆ ತೆಗೆದು ನೋಡಿ. ಪ್ಯಾಚ್ ಗಟ್ಟಿಯಾಗಿಯೇ ಇದ್ದು, ಅದರ ಪಕ್ಕದಲ್ಲೇ ಹೊಸ ತೂತು ಬಿದ್ದಿರಬಹುದು. ಹಳೆಯ ತೂತು ಮುಚ್ಚಿತು, ಸರಿ. ಅದನ್ನು ಮಾಡಿದ್ದು ಯಾವುದು? ಅದಿನ್ನೂ ಚಕ್ರದೊಳಗೇ ಕೂತಿದ್ದರೆ?

ಟ್ಯೂಬ್ ತೆಗೆಯುವ ಮುಂಚೆ ಒಂದು ಕೆಲಸ ಮಾಡಬೇಕು. ವಾಲ್ವ್ ಇರುವ ಜಾಗಕ್ಕೆ ಸರಿಯಾಗಿ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಟ್ಯೂಬಿನ ಬಲಮಗ್ಗುಲು ಯಾವುದೆಂದೂ ಗುರುತು ಮಾಡಿಕೊಳ್ಳಿ. ಇದರ ಉಪಯೋಗ ಆಮೇಲೆ.

ಚಕ್ರದಲ್ಲಿ ಗಟ್ಟಿಯಾಗಿ ಗಾಳಿ ತುಂಬಿದಾಗ ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮೂರು ನಾಲ್ಕು ಪಟ್ಟು ಇರುತ್ತದೆ. ಅದನ್ನು ತಡೆದು ಹಿಡಿಯುವುದು ಟೈರು, ಟ್ಯೂಬಲ್ಲ. ಹೊರಗೆ ತೆಗೆದ ಟ್ಯೂಬಿಗೆ ಗಾಳಿ ಹೊಡೆದರೆ ಅದು ಸುಮ್ಮನೆ ಉಬ್ಬುತ್ತಾ ಹೋಗುತ್ತದೆ. ಹಾಗೆ ಉಬ್ಬುವುದು ನಮಗೆ ಅನುಕೂಲವೇ. ರಬ್ಬರ್ ಹಿಗ್ಗಿದಂತೆ ಕಣ್ಣಿಗೆ ಕಾಣದ ತೂತೂ ಅಗಲವಾಗುತ್ತದೆ. ಬಕೆಟ್ ನೀರಿನಲ್ಲಿ ಟ್ಯೂಬನ್ನು ಸ್ವಲ್ಪಸ್ವಲ್ಪವಾಗಿ ಮುಳುಗಿಸುತ್ತಾ ಬನ್ನಿ, ಗುಳುಗುಳು ಎಂದು ಗುಳ್ಳೆ ಏಳುವ ಕಡೆ ನಿಲ್ಲಿಸಿ.

ತೂತು ಟ್ಯೂಬಿನ ಹೊರಮೈಯಲ್ಲಿದ್ದರೆ, ಅಂದರೆ ರಸ್ತೆಯ ಕಡೆಗಿದ್ದರೆ, ಮುಳ್ಳಿನ ಮೇಲೆ ಅನುಮಾನ ಪಡಿ. ಜಾಲಿಮುಳ್ಳು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಸೋಜಿಗ ಅನಿಸುವುದು ನೆಗ್ಗಿಲು. ನೆಲಕ್ಕೆ ಅಂಟಿಕೊಂಡು ಹಬ್ಬುವ, ಹಳದಿ ಹೂ ಬಿಡುವ ಪುಟ್ಟ ಗಿಡ. ಅದರ ಕಾಯಿ ಒಣಗಿದಾಗ ಐದು ತುಂಡಾಗಿ ಒಡೆಯುತ್ತದೆ. ಒಂದೊಂದು ತುಂಡಿಗೂ ಗಟ್ಟಿ ಮುಳ್ಳುಗಳು. ತುಂಡು ಹೇಗೆ ಬಿದ್ದರೂ ಯಾವುದಾದರೂ ಒಂದು ಮೊನೆ ಮೇಲೆ ನೋಡುತ್ತಿರುತ್ತದೆ. ದನಕರುಗಳ ಕಾಲಿಗೆ ಚುಚ್ಚಿಕೊಂಡು ದೂರ ಹೋಗಿ ಬಿದ್ದರೆ ಬೀಜ ಅಲ್ಲಿ ಮೊಳೆಯುತ್ತದೆ. ಪಾಪ, ಗಿಡಕ್ಕೆ ಸೈಕಲ್ಲೂ ಒಂದೇ, ಎಮ್ಮೆಯೂ ಒಂದೇ!

ಆ ಮುಳ್ಳಿನ ಮೊನೆ ಮುರಿದು ಟೈರಿನಲ್ಲೇ ಉಳಿದರೆ ಹೊರಗಿನಿಂದ ಏನೂ ಕಾಣದು. ಸೀಮೆಸುಣ್ಣದ ಗುರುತು ಬೇಕಾಗುವುದು ಈಗ. ಟ್ಯೂಬನ್ನು ಟೈರಿನ ಮೇಲೆ ಮೊದಲಿದ್ದ ಹಾಗೆಯೇ ಇಟ್ಟರೆ ತೂತಿಗೆ ಎದುರಾಗಿಯೇ ಮುಳ್ಳು ಸಿಗಬೇಕು. ಅಲ್ಲಿ ಟೈರಿನ ಒಳಮೈಯನ್ನು ಹತ್ತಿಯಿಂದ ಸವರಿ, ಎಳೆ ಸಿಕ್ಕಿಕೊಂಡ ಕಡೆ ನೋಡಿ. ಬರಿ ಬೆರಳಿನಿಂದ ತಡಕಬೇಡಿ.

ತೂತು ಒಳಮೈಯಲ್ಲಿ, ರಿಮ್ಮಿನ ಕಡೆಗಿದೆಯೇ? ಹಾಗಾದರೆ ಮುಳ್ಳು ಹುಡುಕಿ ಪ್ರಯೋಜನವಿಲ್ಲ. ಕರಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ 40 ಕಡ್ಡಿಗಳು, ಅಂದರೆ ರಿಮ್ಮಿನಲ್ಲಿ ಕಡ್ಡಿಗಳಿಗೇ 40 ತೂತು. ಅವುಗಳ ಮೇಲೆ ಒಂದು ಪಟ್ಟಿ ಸುತ್ತಿರುತ್ತಾರೆ. ಟ್ಯೂಬಿನೊಳಗಿನ ಗಾಳಿ ರಸ್ತೆಯ ಕಡೆಗೆ ಮಾತ್ರ ತಳ್ಳುವುದಿಲ್ಲ, ಎಲ್ಲ ದಿಕ್ಕಿಗೂ ಒಂದೇ ಸಮ ತಳ್ಳುತ್ತದೆ. ಪಟ್ಟಿ ಜರುಗಿದ್ದರೆ ಟ್ಯೂಬ್ ಆ ತೂತಿನೊಳಕ್ಕೆ ಉಬ್ಬಿ ಕಡ್ಡಿಯ ತುದಿಗೆ ಉಜ್ಜುತ್ತದೆ. ಪಟ್ಟಿ ಸರಿಮಾಡದೆ ಎಷ್ಟು ಪ್ಯಾಚ್ ಹಾಕಿದರೂ ದಂಡ.

ಅಕ್ಕಪಕ್ಕ ಜೋಡಿ ತೂತು ಕಂಡರೆ ಕಾರಣ ಬೇರೆ: ಗಾಳಿ ಕಮ್ಮಿ ಇತ್ತು, ಚಕ್ರ ಕಲ್ಲಿಗೋ ಗುಂಡಿಗೋ ಬಡಿಯಿತು, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಜಜ್ಜಿತು.

ಟೈರು ಮತ್ತೆ ಹಾಕುವಾಗಲೂ ಟ್ಯೂಬ್ ಹರಿಯಬಹುದು. ಟೈರಿನ ಅಂಚಿನೊಳಗಿರುವ ತಂತಿ ಹಿಗ್ಗುವುದಿಲ್ಲ. ಕೊನೆಯ ಗೇಣು ಬಿಗಿಯಾದಾಗ ಅನೇಕರು ಸ್ಕ್ರೂಡ್ರೈವರ್ ತೂರಿಸುತ್ತಾರೆ, ಅದು ಟ್ಯೂಬನ್ನು ಚುಚ್ಚುತ್ತದೆ. ರಿಮ್ಮಿನ ನಡುಭಾಗ ತಗ್ಗಾಗಿರುವುದನ್ನು ಗಮನಿಸಿ. ಈಗಾಗಲೇ ಕೂತಿರುವ ಅಂಚನ್ನು ಸುತ್ತಲೂ ಆ ತಗ್ಗಿಗೆ ಒತ್ತಿದರೆ ಅಲ್ಲಿ ಸುತ್ತಳತೆ ಕಡಿಮೆ, ಎದುರುಗಡೆ ಟೈರು ಸಡಿಲವಾಗುತ್ತದೆ. ಆಗ ಹೆಬ್ಬೆರಳುಗಳೇ ಸಾಕು.

ಆದರೂ ಕೂರದಿದ್ದರೆ ಅಳತೆ ಓದಿ. 26 × 1⅜ ಮತ್ತು 26 × 1.75 ಎರಡನ್ನೂ 26 ಇಂಚಿನ ಟೈರು ಎನ್ನುತ್ತಾರೆ. ಅವು ಕೂರುವ ರಿಮ್ಮಿನ ವ್ಯಾಸ ಮಾತ್ರ ಒಂದಕ್ಕೆ 590 ಮಿಲಿಮೀಟರ್, ಇನ್ನೊಂದಕ್ಕೆ 559. ಟೈರಿನ ಮಗ್ಗುಲಲ್ಲಿ 37-590 ಎಂಬಂಥ ಸಂಖ್ಯೆ ಅಚ್ಚಾಗಿದ್ದರೆ ಅದನ್ನೇ ನಂಬಿ.

ನೀರಿನಲ್ಲಿ ಎಲ್ಲಿಯೂ ಗುಳ್ಳೆ ಬರಲಿಲ್ಲವೇ? ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿ. ನೊರೆ ಉಬ್ಬಿದರೆ ತೂತು ಟ್ಯೂಬಿನಲ್ಲಿಲ್ಲ. ವಾಲ್ವಿನೊಳಗಿನ ರಬ್ಬರ್ ಸವೆದಿದೆ, ಅದನ್ನು ಬದಲಾಯಿಸಿದರೆ ಸಾಕು.