ಸೊಸೆಯ ಹೆಸರು ಯಾವ ಪಟ್ಟಿಯಲ್ಲಿದೆ?



ಚುನಾವಣೆ ಸಮೀಪಿಸಿದಾಗ ಯಾರಿಗೆ ಮತ ನೀಡಬೇಕೆಂಬ ಚರ್ಚೆ ನಮ್ಮ ಓಣಿಗಳಲ್ಲಿ ನಡುರಾತ್ರಿಯವರೆಗೂ ನಡೆಯುತ್ತದೆ. ಆದರೆ ಚರ್ಚಿಸುವವರ ಮನೆಯ ಎಲ್ಲರ ಹೆಸರೂ ಮತದಾರರ ಪಟ್ಟಿಯಲ್ಲಿದೆಯೇ ಎಂದರೆ ಮೌನ. ಇಂದು ನಾವು ಈ ಎರಡನೆಯ ಪ್ರಶ್ನೆಯನ್ನಷ್ಟೇ ತಮ್ಮ ಮುಂದಿಡಬಯಸುತ್ತೇವೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಬೀಗತನ ರಾಜ್ಯದ ಗಡಿಯನ್ನು ಕೇಳಿ ನಡೆಯುವುದಿಲ್ಲ. ಮೀರಜ್, ಸಾಂಗ್ಲಿ, ಇಚಲಕರಂಜಿಗಳಿಂದ ಸೊಸೆಯಂದಿರು ಬರುತ್ತಾರೆ. ನಮ್ಮ ಹೆಣ್ಣುಮಕ್ಕಳು ಅಲ್ಲಿಗೆ ಹೋಗುತ್ತಾರೆ. ಸೊಸೆಯ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಲು ನಾಲ್ಕು ಬಾರಿ ಕಚೇರಿಗೆ ಅಲೆಯುವ ಕುಟುಂಬಗಳೇ ಮತದಾರರ ಪಟ್ಟಿಯ ಮಾತು ಬಂದಾಗ ಸುಮ್ಮನಾಗುತ್ತವೆ. ತವರಿನಲ್ಲಿ ಪರಿಶೀಲನೆಗೆ ಬಂದವರು 'ಇಲ್ಲಿ ವಾಸವಿಲ್ಲ' ಎಂದು ಬರೆದುಕೊಂಡು ಹೋಗುತ್ತಾರೆ. ಗಂಡನ ಊರಿನ ಪಟ್ಟಿಯಲ್ಲಿ ಆಕೆಯ ಹೆಸರು ಮೊದಲೇ ಇಲ್ಲ. ಎರಡು ರಾಜ್ಯಗಳ ನಡುವೆ ಒಬ್ಬ ಪ್ರಜೆಯ ಮತವೇ ಇಲ್ಲವಾಗುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಈಗಾಗಲೇ ಹೆಸರಿದ್ದು ವಾಸ ಬದಲಾಗಿದ್ದರೆ ನಮೂನೆ 8. ಕ್ಷೇತ್ರ ಬದಲಾದರೂ ಅದೇ ನಮೂನೆ. 'ತವರಿನಲ್ಲೂ ಇರಲಿ, ಇಲ್ಲಿಯೂ ಇರಲಿ' ಎಂಬ ಜಾಣತನ ಮಾತ್ರ ಬೇಡ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಂತೆ ಎರಡು ಕಡೆ ಹೆಸರಿರುವಂತಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಶಾಲೆಯ ದಾಖಲೆ ಮರಾಠಿಯಲ್ಲಿ, ಆಧಾರ್ ಕನ್ನಡದಲ್ಲಿ, ನಿಕಾಹ್‌ನಾಮಾ ಉರ್ದುವಿನಲ್ಲಿರುವ ನಮ್ಮಲ್ಲಿ ಖೈರುನ್ನಿಸಾ ಎಂಬವರು ಕೈರುನಬಿಯಾಗುವುದು ಸಾಮಾನ್ಯ. ಆ ತಿದ್ದುಪಡಿಗೂ ನಮೂನೆ 8 ಸಾಕು.

ಯುವಕರ ವಿಷಯ ಸುಲಭ. 2022ರಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಹದಿನೇಳು ತುಂಬಿದವರು ಮುಂಗಡವಾಗಿ ಅರ್ಜಿ ಸಲ್ಲಿಸಬಹುದು.

'ನಮ್ಮ ಬಳಿ ಗುರುತಿನ ಚೀಟಿ ಇದೆಯಲ್ಲ' ಎಂದು ನಿಶ್ಚಿಂತರಾಗಿರುವವರೂ ಇದ್ದಾರೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಚೀಟಿ ಕೆಲಸಕ್ಕೆ ಬಾರದು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯುವಂತೆ ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯೆಂದು ಕಂಡವು 24 ಮಾತ್ರ! ಯಾರದೋ ಹೆಸರಿನಲ್ಲಿ ಯಾರೋ ಸಲ್ಲಿಸಿದ ಅರ್ಜಿಗಳವು. ಸಕಾಲದಲ್ಲಿ ಪರಿಶೀಲನೆ ನಡೆದದ್ದರಿಂದ ಸಾವಿರಾರು ಜನರ ಹಕ್ಕು ಉಳಿಯಿತು.

ರಾಯಬಾಗ, ಕುಡಚಿಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: 'ಇದು ಮೀಸಲು ಕ್ಷೇತ್ರ, ನಮಗೇಕೆ?' ಮೀಸಲಾತಿ ಇರುವುದು ಅಭ್ಯರ್ಥಿಗೆ, ಮತದಾರನಿಗಲ್ಲ. ಅಲ್ಲಿ ಗೆದ್ದವರೇ ನಮ್ಮ ರಸ್ತೆ, ಶಾಲೆ, ನೀರಿನ ಅರ್ಜಿಗಳನ್ನು ಹಿಡಿದು ವಿಧಾನಸೌಧಕ್ಕೆ ಹೋಗುವವರು.

ಒಂದೆರಡು ಮತಗಳಿಂದ ಏನಾಗುತ್ತದೆ ಎನ್ನುವವರು 2014ರ ಚಿಕ್ಕೋಡಿ ಲೋಕಸಭಾ ಫಲಿತಾಂಶವನ್ನು ನೆನಪಿಸಿಕೊಳ್ಳಲಿ. ಪ್ರಕಾಶ ಹುಕ್ಕೇರಿಯವರು ರಮೇಶ ಕತ್ತಿಯವರ ವಿರುದ್ಧ ಗೆದ್ದದ್ದು 3,003 ಮತಗಳಿಂದ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ತಲಾ ನಾಲ್ಕು ನೂರೂ ಆಗದು. ಯಾರು ಗೆದ್ದರು ಎಂಬುದು ಇಲ್ಲಿ ನಮ್ಮ ವಿಷಯವಲ್ಲ.

2028ರ ವಿಧಾನಸಭಾ ಚುನಾವಣೆಯವರೆಗೆ ಕಾಯುವುದೂ ಸಲ್ಲದು. ಗ್ರಾಮ ಪಂಚಾಯತಿಯ ಪಟ್ಟಿ ಸಿದ್ಧವಾಗುವುದೂ ವಿಧಾನಸಭಾ ಪಟ್ಟಿಯ ಆಧಾರದಲ್ಲೇ. ಅಧಿಕಾರಿಗಳು ಹಗಲಿನಲ್ಲಿ ಬರುತ್ತಾರೆ; ನಿಪ್ಪಾಣಿಯ ತಾಯಂದಿರು ಆಗ ತಂಬಾಕಿನ ವಖಾರದಲ್ಲಿರುತ್ತಾರೆ. ಆದ್ದರಿಂದ ಜಮಾಅತಿನವರು ರಾತ್ರಿ ಇಶಾ ನಮಾಝಿನ ಬಳಿಕ ಓಣಿಗೆ ಇಬ್ಬರಂತೆ ಮನೆಮನೆಗೆ ಹೋಗಲಿ, ಸಾಧ್ಯವಾದರೆ ಅವರಲ್ಲಿ ಒಬ್ಬರು ಓದುಬಲ್ಲ ಸಹೋದರಿಯಾಗಿರಲಿ. ಮತಗಟ್ಟೆವಾರು ಪಟ್ಟಿಯ ಪ್ರತಿಗಳನ್ನು ಹೊರಗಿನ ಮೇಜಿನ ಮೇಲೆ ಇಡಲಾಗಿದೆ. ಹೋಗುವಾಗ ಒಮ್ಮೆ ನೋಡಿ, ಸೊಸೆಯಂದಿರ ಹೆಸರನ್ನು ಮೊದಲು ಹುಡುಕಿ.